ಆರಿದ ದೀಪದ ಸುಳ್ಳು

"ಎಲ್ಲಿ ಸಹಿ ಹಾಕ್ಬೇಕು, ಬೆರಳಿಟ್ಟು ತೋರ್ಸು ಪೊಲೀಸಮ್ಮ. ಹಾಕಿ ಮನೆಗೆ ಹೋಗ್ತೀನಿ."

ಬ್ರಾಂಕೊ ವಿದಾಕ್ ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದ. ಬ್ರಿಂಡಾಲಾ ಊರಿನಲ್ಲಿ ಐವತ್ತು ವರ್ಷ ಗ್ಯಾರೇಜ್ ನಡೆಸಿದ ಮುದುಕ. ಠಾಣೆಗೆ ಹೋಗಬೇಕಲ್ಲ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿ, ಉಳಿದಿದ್ದ ನಾಲ್ಕು ಕೂದಲಿಗೆ ನೀರು ಸವರಿ ಬಾಚಿಕೊಂಡು ಬಂದಿದ್ದ. ತಪ್ಪೊಪ್ಪಿಕೊಳ್ಳಲು ಇಷ್ಟು ಅಚ್ಚುಕಟ್ಟಾಗಿ ಬಂದವರನ್ನು ಗ್ವೆಂಡಾ ಪ್ಯಾಸ್ಕೋ ತನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಓದಿದ್ರಾ?"

"ನೀನೇ ಟೈಪ್ ಮಾಡಿದೀಯ. ನಾನ್ಯಾಕೆ ಓದ್ಲಿ?"

"ನೀವು ಹೇಳಿದ್ದನ್ನ ಟೈಪ್ ಮಾಡಿದೀನಿ. 'ಗಾಡಿಗೆ ಬೇರೆ ಜಾತಿಯ ಲಾಕರನ್ನು ನಾನೇ ತಪ್ಪಿ ಹಾಕಿರಬೇಕು' ಅಂತ ಇದೆ. ಹಾಕಿದ್ರೋ, ಹಾಕಿರಬೇಕೋ?"

"ಎರಡೂ ಒಂದೇ."

"ಒಂದೇ ಅಲ್ಲ ಬ್ರಾಂಕೊ. ಒಂದು ನೆನಪು, ಇನ್ನೊಂದು ಅಂದಾಜು."

ಮುದುಕ ತಲೆ ತಗ್ಗಿಸಿದ. ಅವನ ಮರೆವಿನ ವಿಷಯ ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಕಳೆದ ವರ್ಷದಿಂದ ಗ್ಯಾರೇಜಿನ ಪ್ರತಿ ಡ್ರಾಯರ್ ಮೇಲೂ ಮಗಳು ಆಂಕಾ ಚೀಟಿ ಅಂಟಿಸಿದ್ದಳು. ಒಲೆಯ ಮೇಲೆ ನೀರಿಟ್ಟು ಮರೆತರೂ ಅವನು ಗಾಡಿಯ ಕೆಲಸದಲ್ಲಿ ಎಡವಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಹನ್ನೊಂದು ದಿನದಿಂದ ಅದನ್ನೂ ಆಡಿಕೊಳ್ಳುತ್ತಿದ್ದರು.

ಹನ್ನೊಂದು ದಿನದ ಹಿಂದೆ, ಬೆಟ್ಟ ಹತ್ತುವ ಗಾಡಿಗಳವರ ಕ್ಲಬ್ಬಿನ ಪ್ರವಾಸದಲ್ಲಿ, ಕ್ಲೈವ್ ಮೆಕಿನ್ನರಿಯ ಬಿಳಿ ಫೋರ್‌ವೀಲರ್ ಸ್ಯಾಡಲ್ ಬೆಟ್ಟದ ಒದ್ದೆ ಜೇಡಿಮಣ್ಣಿನಲ್ಲಿ ಅಡ್ಡಡ್ಡ ಜಾರಿ ಕಣಿವೆಗೆ ಬಿದ್ದು, ಕ್ಲೈವ್ ಸತ್ತಿದ್ದ. ಮರಣ ವಿಚಾರಣೆಗೆ ಗ್ವೆಂಡಾಳ ವರದಿ ಇವತ್ತು ಸಂಜೆ ಐದಕ್ಕೆ ಹೊರಡಬೇಕು. ಬ್ರಾಂಕೊ ಸಹಿ ಹಾಕಿದರೆ ಕಡತ ಮುಚ್ಚುತ್ತದೆ, ಗ್ಯಾರೇಜಿನ ಬಾಗಿಲೂ ಮುಚ್ಚುತ್ತದೆ. ಕ್ಲೈವನನ್ನು ಕೊಂದವನು ಎಂಬ ಹೆಸರು ಹೊತ್ತು ಈ ಮುದುಕ ಸಾಯಬೇಕಾಗುತ್ತದೆ.

ಇಬ್ಬರ ನಡುವೆ ಕೌಂಟರಿನ ಮೇಲೆ, ಹಳೆಯ ಪೇಪರು ಹಾಸಿ ಇಟ್ಟ ಸಾಕ್ಷ್ಯವಿತ್ತು. ಕ್ಲೈವನ ಗಾಡಿಯ ಹಿಂದಿನ ಆಕ್ಸಲ್‌ನಿಂದ ಬಿಚ್ಚಿ ತೆಗೆದ ಕುಂಬಳಕಾಯಿ ಗಾತ್ರದ ಡಿಫ್, ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗಿಯರುಗಳ ಗಡ್ಡೆ. ಕೊರಳಿಗೆ ಪೊಲೀಸ್ ಚೀಟಿ ಕಟ್ಟಿಕೊಂಡು ಅದು ಪೇಪರಿನ ಮೇಲೆ ಎಣ್ಣೆ ಸುರಿಸುತ್ತಿತ್ತು.

ಅದರ ಹೊಟ್ಟೆಯೊಳಗಿನ ಲಾಕರ್ ಬಗ್ಗೆಯೇ ಇಷ್ಟೆಲ್ಲ ಗಲಾಟೆ. ಕೆಸರಿನಲ್ಲಿ ಒಂದು ಚಕ್ರ ಗಿರಗಿರ ತಿರುಗತೊಡಗಿದರೆ ಜೊತೆಯ ಚಕ್ರ ಕೈಕಟ್ಟಿ ನಿಂತುಬಿಡುತ್ತದೆ. ಎರಡನ್ನೂ ಬಿಗಿದು ಒಟ್ಟಿಗೆ ದುಡಿಸುವುದು ಲಾಕರಿನ ಕೆಲಸ. ಅದರಲ್ಲಿ ಎರಡು ಜಾತಿ. ಸ್ವಿಚ್ಚಿನ ಜಾತಿಯದಕ್ಕೆ ಚಾಲಕನೇ ಯಜಮಾನ: ಒತ್ತಿದರೆ ಪಂಪಿನ ಗಾಳಿ ಹೋಗಿ ಚಕ್ರಗಳು ಬಿಗಿಯುತ್ತವೆ, ದೀಪ ಹತ್ತುತ್ತದೆ, ಆರಿಸಿದರೆ ಸಡಿಲ. ಇನ್ನೊಂದು ತಾನೇ ಬಿಗಿದುಕೊಳ್ಳುವ ಜಾತಿ. ಆಕ್ಸಿಲರೇಟರ್‌ಗೆ ಕಾಲು ತಾಗಿದರೆ ಸಾಕು, ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ತಿರುವಿನಲ್ಲಿ ಮಾತ್ರ ಟಿಕ್ ಟಿಕ್ ಎನ್ನುತ್ತ ಒಂದಿಷ್ಟು ಬಿಟ್ಟುಕೊಡುತ್ತದೆ.

ಕಲ್ಲಿನ ಏರು ಹತ್ತಲು ಎರಡೂ ಸೈ. ಒದ್ದೆ ಮಣ್ಣಿನ ಅಡ್ಡ ಇಳಿಜಾರಿನ ಮಾತೇ ಬೇರೆ. ಅಲ್ಲಿ ಒಂದು ಚಕ್ರವಾದರೂ ಸುಮ್ಮನೆ ಉರುಳುತ್ತ ನೆಲ ಕಚ್ಚಿಕೊಂಡಿರಬೇಕು. ಎರಡೂ ಒಟ್ಟಿಗೆ ಸುತ್ತಿದರೆ ಒಟ್ಟಿಗೇ ಜಾರುತ್ತವೆ, ಗಾಡಿಯ ಹಿಂಭಾಗ ಕಣಿವೆಯ ಕಡೆ ತಿರುಗುತ್ತದೆ. ಅದಕ್ಕೇ ಅಂಥ ಜಾಗ ದಾಟುವ ಮುಂಚೆ ಲಾಕರ್ ಆರಿಸಿ, "ಲಾಕರ್ ಆಫ್" ಎಂದು ರೇಡಿಯೋದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಯೇ ಮುಂದೆ ಹೋಗುವುದು ಇಲ್ಲಿನ ಕ್ಲಬ್ಬಿನ ಕಟ್ಟಳೆ.

ಕ್ಲೈವ್ ಹೇಳಿದ್ದ. ಏಳು ಗಾಡಿಯವರು ಕೇಳಿದ್ದರು. ನಜ್ಜುಗುಜ್ಜಾದ ಗಾಡಿಯಲ್ಲಿ ಸ್ವಿಚ್ಚು ಆಫ್ ಆಗಿಯೇ ಇತ್ತು. ಡಿಫ್ ಬಿಚ್ಚಿದರೆ ಒಳಗಿದ್ದದ್ದು ತಾನೇ ಬಿಗಿದುಕೊಳ್ಳುವ ಲಾಕರ್. ಸ್ವಿಚ್ಚಿನಿಂದ ಬಂದ ಗಾಳಿ ಪೈಪಿನ ಬಾಯಿಗೆ ಬಿರಡೆ ಜಡಿದು, ಯಾರೋ ಅದನ್ನು ಚಾಸಿಗೆ ಕಟ್ಟಿದ್ದರು.

"ಕ್ಲೈವ್ ನಿಮ್ಮ ಹತ್ರ ಯಾವುದು ಕೇಳಿದ್ದ?" ಗ್ವೆಂಡಾ ಕೇಳಿದಳು.

"ಸ್ವಿಚ್ಚಿಂದು. ಆರು ತಿಂಗ್ಳು ತಲೆ ತಿಂದ. ಬೇಕರಿಲಿ ದಿನಾ ಜಗಳ, ಸ್ವಿಚ್ಚಿನವರದ್ದೊಂದು ಟೇಬ್ಲು, ತಾನೇ ಬಿಗಿಯೋ ಪಾರ್ಟಿದು ಇನ್ನೊಂದು. ನಾನು ಮಧ್ಯದ ಟೇಬಲ್ಲಲ್ಲಿ ಕೂತು ಸಾಸೇಜ್ ರೋಲ್ ತಿಂತಿದ್ದೆ." ಬ್ರಾಂಕೊ ಅರೆಬರೆ ನಕ್ಕ. "ಕೊನೆಗೆ ಅವನು ಒಂದು ಮಾತಂದ. ನನ್ನ ಕಿವಿಗೆ ಟಿಕ್ ಟಿಕ್ ಕೇಳಲ್ಲ ಬ್ರಾಂಕೊ, ಬಿಗಿದಿದೆಯೋ ಬಿಟ್ಟಿದೆಯೋ ನಂಗೆ ಹೇಗೆ ಗೊತ್ತಾಗ್ಬೇಕು? ದೀಪ ಆದ್ರೆ ಕಣ್ಣಿಗೆ ಕಾಣತ್ತೆ, ಅದನ್ನೇ ಹಾಕು, ಅಂತ."

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಕಿವಿ ಕಳೆದುಕೊಂಡವನು ಕ್ಲೈವ್. ಹಿಂದಿನ ಸೀಟಿನಲ್ಲಿ ಕೂತು ಗಲಾಟೆ ಮಾಡಿದವರಲ್ಲಿ ಗ್ವೆಂಡಾಳೂ ಒಬ್ಬಳು. ತನ್ನ ಕಿವಿಯನ್ನು ನಂಬದೆ ಕಣ್ಣನ್ನು ನಂಬಿದ ಮನುಷ್ಯನಿಗೆ ಆರಿದ ದೀಪವೊಂದು ಸುಳ್ಳು ಹೇಳಿತ್ತು. ನೆನೆದರೆ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬರುತ್ತಿದ್ದವು.

ಅವಳು ಡಿಫ್‌ನ ಅಂಚಿಗೆ ಬೆರಳು ತೋರಿಸಿದಳು. "ಇದೇನು ನೋಡಿ, ಬೂದಿ ಬಣ್ಣದ್ದು."

ಬ್ರಾಂಕೊ ಕನ್ನಡಕ ಏರಿಸಿ ಬಗ್ಗಿ ನೋಡಿದ. ಮೂಗು ಮುರಿದ. "ಟ್ಯೂಬಿನ ಪೇಸ್ಟು. ಎಣ್ಣೆ ಸೋರದ ಹಾಗೆ ಹಚ್ಚೋದು, ಸೋಮಾರಿಗಳ ಕೆಲಸ."

"ನೀವು ಏನು ಹಾಕ್ತೀರಾ?"

"ಕಾಗದದ ಪ್ಯಾಕಿಂಗು. ಕೈಯಲ್ಲೇ ಕತ್ತರಿಸ್ತೀನಿ. ಬೆಳಿಗ್ಗೆ ತಿಂಡಿ ಡಬ್ಬದ ರಟ್ಟು ಸಿಕ್ಕಿದ್ರೂ ಸಾಕು, ಎಣ್ಣೇಲಿ ನೆನೆಸಿದ್ರೆ ಇಪ್ಪತ್ತು ವರ್ಷ ಸೋರಲ್ಲ. ನಮ್ಮಪ್ಪ ಕಲ್ಸಿದ್ದು. ಆಂಕಾ ಬೈತಾಳೆ, ಡಬ್ಬ ಖಾಲಿಯಾಗೋ ಮುಂಚೇನೇ ಕತ್ತರಿಸ್ತೀಯ ಅಂತ."

ಗ್ವೆಂಡಾ ಮೇಜಿನ ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಅದರೊಳಗೆ ಉಗುರಿನಷ್ಟಗಲದ ಹಳದಿ ರಟ್ಟಿನ ಚೂರು, ಎಣ್ಣೆ ಕುಡಿದು ಕಪ್ಪಾಗಿತ್ತು. "ನಿನ್ನೆ ಆಕ್ಸಲ್ ಅಂಚಿಂದ ಕೆರೆದು ತೆಗೆದೆ. ಪೇಸ್ಟಿನ ಕೆಳಗಿತ್ತು. ಮೊದಲು ನಿಮ್ಮ ರಟ್ಟು, ಅದರ ಮೇಲೆ ಯಾರದೋ ಪೇಸ್ಟು. ನೀವು ಮುಚ್ಚಿ ಕಳಿಸಿದ ಮೇಲೆ ಯಾರೋ ಬಿಚ್ಚಿದಾರೆ."

"ನಾನೇ ಇನ್ನೊಂದ್ಸಲ ಬಿಚ್ಚಿರ್ಬೋದು. ಮರ್ತಿರ್ಬೋದು."

"ಮರೆತು ಪೇಸ್ಟ್ ಹಾಕಿದ್ರಾ?"

ಮುದುಕ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಇಲ್ಲ," ಎಂದ ನಿಧಾನಕ್ಕೆ. "ಈ ಕೈ ಪೇಸ್ಟ್ ಮುಟ್ಟಲ್ಲ." ಹನ್ನೊಂದು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಒಂದಿಷ್ಟು ರಕ್ತ ಕಂಡಿತು.

ಆದರೆ ಆ ಕೈ ಸುಮ್ಮನಿರಬೇಕಲ್ಲ. ಲಾಕರಿನ ಕವಚದ ಅಂಚು ಸವರುತ್ತ ಒಂದು ಕಡೆ ಗಕ್ಕನೆ ನಿಂತಿತು.

"ಮುಟ್ಟಬೇಡಿ ಅಂದಿದ್ನಲ್ಲ. ಸಾಕ್ಷ್ಯ ಅದು."

"ಇದು ನನ್ನ ಬೆಸುಗೆ," ಎಂದ ಬ್ರಾಂಕೊ. ಬಂದ ರಕ್ತ ಹಾಗೇ ಇಳಿದುಹೋಯಿತು. "ನೋಡಿದ್ಯಾ? ನನ್ನದೇ ಕೆಲಸ. ಇನ್ನೇನು ಬೇಕು? ಎಲ್ಲಿ ಪೆನ್ನು?"

ಕೌಂಟರಿನ ಮೇಲಿದ್ದ ಅವನ ಪೆನ್ನನ್ನು ಗ್ವೆಂಡಾ ಜೇಬಿಗೆ ಹಾಕಿಕೊಂಡಳು. "ಬೆಸುಗೆ ಹಳೇದು. ಸವೆದು ನುಣ್ಣಗಾಗಿದೆ. ಇದನ್ನ ಬೆಸೆದಾಗ ಇದು ಯಾವ ಗಾಡೀಲಿತ್ತು?"

"ಗೊತ್ತಿಲ್ಲ."

"ಅವಸರ ಇಲ್ಲ. ಕಣ್ಮುಚ್ಚಿ."

ಬ್ರಾಂಕೊ ಕಣ್ಮುಚ್ಚಿದ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ತಡವರಿಸುವವನು ಹಳೆಯದರ ಒಳಗೆ ಸಲೀಸಾಗಿ ಇಳಿದುಹೋದ. "ಬೇಸಿಗೆ. ಸೆಕೆ. ಹಳದಿ ಪಿಕಪ್ ಗಾಡಿ. ಹಿಂದ್ಗಡೆ ಡಬ್ಬೀಲಿ ನಾಯಿ ಕಟ್ಟಿತ್ತು, ಕಿಡಿ ಹಾರಿದಾಗೆಲ್ಲ ಬೊಗಳೋದು. ಬೊಗಳಿ ಬೊಗಳಿ ಬಿದ್ದೇ ಹೋಯ್ತು ಪಾಪ." ಅವನು ನಕ್ಕ. "ಮೂರೇ ಕಾಲು ಅದಕ್ಕೆ."

ಬ್ರಿಂಡಾಲಾದಲ್ಲಿ ಮೂರು ಕಾಲಿನ ನಾಯಿ ಒಂದೇ ಒಂದಿತ್ತು. ಹೆಸರು ಟ್ರೈಪಾಡ್. ಅದು ಸತ್ತಾಗ ಅರ್ಧ ಊರು ಬಿಯರ್ ಹಿಡಿದು ಮಣ್ಣಿಗೆ ಹೋಗಿತ್ತು. ಅದರ ಯಜಮಾನ ರಾಯ್ಸ್ ಹ್ಯಾಡ್ರಿಲ್, ಕ್ಲಬ್ಬಿನ ಅಧ್ಯಕ್ಷ. ತಾನೇ ಬಿಗಿಯುವ ಲಾಕರಿನ ಪರವಾಗಿ ಬೇಕರಿಯಲ್ಲಿ ಇಪ್ಪತ್ತು ವರ್ಷ ಮೇಜು ಗುದ್ದಿದವನು. ಅವತ್ತು ಸಾಲಿನ ಮುಂಚೂಣಿಯ ಗಾಡಿಯಲ್ಲಿ ಕೂತು, ಕ್ಲೈವನಿಗಿಂತ ಮೊದಲು ಆ ಇಳಿಜಾರು ದಾಟಿದವನೂ ಅವನೇ.

ಗ್ವೆಂಡಾ ಫೋನ್ ಎತ್ತಿದಳು.

"ರಾಯ್ಸ್, ಠಾಣೆಗೆ ಬಾ."

"ಈಗ್ಲಾ? ಜೇನುಪೆಟ್ಟಿಗೆ ಬಿಚ್ಚಿ ಕೂತಿದೀನಿ ಕಣೇ."

"ಮುಚ್ಚಿಟ್ಟು ಬಾ. ಕ್ಲೈವ್ ಗಾಡಿಯಿಂದ ತೆಗೆದದ್ದನ್ನೂ ತಗೊಂಡು ಬಾ."

ಆ ಕಡೆ ಜೇನುಪೆಟ್ಟಿಗೆಯ ಮುಚ್ಚಳ ಬಿದ್ದ ಸದ್ದು ಕೇಳಿಸಿತು. "ಹತ್ತು ನಿಮಿಷ," ಎಂದ ರಾಯ್ಸ್.

ಏನನ್ನು ತೆಗೆದದ್ದು ಎಂದು ಅವನು ಕೇಳಲಿಲ್ಲ. ಗ್ವೆಂಡಾಗೆ ಅಷ್ಟು ಸಾಕಾಗಿತ್ತು.

ಅವನು ಬಂದಾಗ ಮೂರೂವರೆ. ಎದೆಗೆ ಏನನ್ನೋ ಬಟ್ಟೆಯಲ್ಲಿ ಸುತ್ತಿ ಅವಚಿಕೊಂಡಿದ್ದ. ಆರಡಿ ಆಳು, ಹನ್ನೊಂದು ದಿನದಲ್ಲಿ ಅಂಗಿ ದೊಗಲೆಯಾಗಿತ್ತು. ಬ್ರಾಂಕೊನನ್ನು ಕಂಡವನೇ ನೋಟ ಗೋಡೆಯ ಕಡೆ ಹೊರಳಿಸಿದ.

"ಹೇಗಿದೀಯ ಬ್ರಾಂಕೊ?"

"ಕೈದಿ ಥರ ಇದೀನಿ. ಒಂದು ಲೋಟ ಟೀಗೂ ಗತಿಯಿಲ್ಲ ಈ ಜೈಲಲ್ಲಿ."

"ಟೀ ತರ್ತೀನಿ," ಎಂದಳು ಗ್ವೆಂಡಾ. "ಅಲ್ಲೀವರೆಗೆ ಅದನ್ನ ಮುಟ್ಟಬೇಡಿ."

ಠಾಣೆಯ ಹಿಂದಿನ ಕೋಣೆಯೇ ಅಡುಗೆಮನೆ. ಅವಳು ರಾಯ್ಸ್‌ನನ್ನು ಒಳಗೆ ಕರೆದು ಬಾಗಿಲು ಓರೆ ಮಾಡಿ, ಟೀಗೆ ನೀರಿಟ್ಟು, ಎದುರು ಕೂತಳು.

"ವಾದ ಗೆಲ್ಲೋಕೆ ಮಾಡಿದ್ಯಾ?"

"ಏನು?"

"ಕ್ಲೈವ್‌ಗೆ ತಿಳೀದ ಹಾಗೆ ನಿನ್ನ ಲಾಕರ್ ಹಾಕಿ, ಆರು ತಿಂಗ್ಳಾದ್ಮೇಲೆ ಬೇಕರಿಲಿ ಎಲ್ಲರ ಮುಂದೆ ಹೇಳಿ ನಗೋ ಪ್ಲಾನಾ?"

ರಾಯ್ಸ್ ಕೆಂಪಾದ. "ಥೂ! ಎಂಥ ಮಾತಾಡ್ತೀಯ ಗ್ವೆನ್. ಒಂದೇ ಬೆಂಚಲ್ಲಿ ಕೂತು ಓದಿದೋನು ನಾನು ನಿನ್ನ ಜೊತೆ. ನನ್ನ ಗೆಳೆಯ ಅವನು."

"ಹಾಗಾದ್ರೆ ಬಿಚ್ಚು ಅದನ್ನ."

ಅವನು ಬಟ್ಟೆ ಬಿಚ್ಚಿದ. ಹೊಸ ಲಾಕರ್, ಗಾಳಿಯದು, ಕ್ಲೈವ್ ಆಸೆಪಟ್ಟು ಹಾಕಿಸಿಕೊಂಡದ್ದು. ಒಳಗಿನ ಹಲ್ಲುಗಳು ಮೂರು ಕಡೆ ಮುರಿದಿದ್ದವು.

ಗ್ವೆಂಡಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಈ ಬೆಟ್ಟದ ಊರಿನಲ್ಲಿ ಬೆಳೆದವಳಿಗೆ ಇಂಥ ಗಾಯದ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಕ್ರ ಗಿರಗಿರ ತಿರುಗುತ್ತಿರುವಾಗಲೇ, ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಸ್ವಿಚ್ ಒತ್ತಿದರೆ ಹೀಗಾಗುತ್ತದೆ. ಹೊಸಬರು ಮಾಡುವ ತಪ್ಪು ಅದು.

"ಕ್ಲೈವ್ ಹೀಗೆ ಒತ್ತೋನಲ್ಲ," ಎಂದಳು.

"ನಾನು ಒತ್ತಿದ್ದು. ಅವನು ಕಿವಿ ತೋರಿಸೋಕೆ ಅಂತ ಮೆಲ್ಬರ್ನ್‌ಗೆ ಹೋಗಿದ್ನಲ್ಲ ನಾಲ್ಕು ದಿನ, ಆಗ ಗಾಡಿ ತಗೊಂಡಿದ್ದೆ. ಮುರೀತು. ಹೇಳೋಕೆ ನಾಚಿಕೆಯಾಯ್ತು. ನನ್ನ ಹಳೇದನ್ನ ಹಾಕಿಟ್ಟೆ. ಮುಗೀತು, ಬರ್ಕೋ."

"ನೀನು? ಕಾಲು ತೆಗೀರಿ, ಆಮೇಲೆ ಒತ್ತಿ ಅಂತ ಊರಿಗೆಲ್ಲ ಪಾಠ ಹೇಳೋನು?"

"ವಯಸ್ಸಾಯ್ತು."

"ನನಗಿಂತ ಎರಡು ತಿಂಗ್ಳು ಚಿಕ್ಕೋನು ನೀನು."

ಗ್ವೆಂಡಾಳ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಬಟ್ಟೆಯ ಮೇಲೆ ನಿಂತಿತು. ಪಾತ್ರೆ ಒರೆಸುವ ಲಿನನ್ ಟವಲ್. ಎಣ್ಣೆ ಕಲೆಗಳ ನಡುವೆ ಹನ್ನೆರಡು ತಿಂಗಳ ಕ್ಯಾಲೆಂಡರ್ ಅಚ್ಚಾಗಿತ್ತು: 1994.

ಹೋದ ವಾರ ಅವಳು ಒಂದು ಮನೆಯಲ್ಲಿ ಟೀ ಕುಡಿದು ಕಪ್ಪುಗಳನ್ನು ಒರೆಸಿಕೊಟ್ಟಿದ್ದಳು. ಮದುವೆಯಾದ ವರ್ಷದಿಂದ ಒಂದೊಂದು ವರ್ಷಕ್ಕೂ ಒಂದೊಂದು ಕ್ಯಾಲೆಂಡರ್ ಟವಲ್, ಸಾಲಾಗಿ ಮಡಿಸಿಟ್ಟ ಮನೆ. "ತೊಂಬತ್ನಾಲ್ಕು ಮಾತ್ರ ಕಾಣ್ತಿಲ್ಲ ನೋಡು ಚಿನ್ನ. ನಮ್ಮವರು ಗಾಡಿ ಒರೆಸೋಕೆ ಎತ್ಕೊಂಡು ಹೋಗಿರ್ಬೇಕು," ಎಂದಿದ್ದಳು ಆ ಮನೆಯೊಡತಿ. ಗಂಡ ಸತ್ತು ಐದು ದಿನವಾಗಿತ್ತು, ಇನ್ನೂ ಅವನಿಗೆ ಬೈಯುತ್ತಿದ್ದಳು.

"ಈ ಟವಲ್ ಯಾರದು, ರಾಯ್ಸ್?"

ಅವನು ಟವಲನ್ನು ನೋಡಿದ. ಅದನ್ನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಕೈಯಲ್ಲಿ ಮುಖ ಮುಚ್ಚಿಕೊಂಡ.

"ಸ್ಯಾಂಡ್‌ವಿಚ್ ಕಟ್ಕೊಂಡು ಬಂದಿದ್ಳು ಅದ್ರಲ್ಲಿ," ಎಂದ. "ನಂಗೂ ಸೇರಿಸಿ."

"ನೋರೀನ್," ಎಂದಳು ಗ್ವೆಂಡಾ. ಕ್ಲೈವನ ಹೆಂಡತಿ.

"ಮೆತ್ತಗೆ ಮಾತಾಡು."

ನೀರು ಕುದಿಯತೊಡಗಿತು. ಗ್ವೆಂಡಾ ಏಳಲಿಲ್ಲ.

"ನಲವತ್ತೈದು ವರ್ಷ ಎಡಗಡೆ ಸೀಟಲ್ಲಿ ಕೂತು ದಾರೀಲಿ ಸಿಗೋ ಗೇಟು ತೆಗೆಯೋದು, ಗೇಟು ಹಾಕೋದು, ಇಷ್ಟೇ ಆಯ್ತು ರಾಯ್ಸ್ ನನ್ನ ಬಾಳು ಅಂದ್ಳು," ರಾಯ್ಸ್ ಹೇಳಿದ. "ನಗ್ತಾನೇ ಅಂದ್ಳು. ಈ ಸಲ ವಸಂತದಲ್ಲಿ ನಮ್ಮ ಮದುವೆ ದಿನ ನಾನೇ ಓಡಿಸ್ಕೊಂಡು ಅವರನ್ನ ಸ್ಯಾಡಲ್ ತುದಿಗೆ ಕರ್ಕೊಂಡು ಹೋಗ್ಬೇಕು, ಅವರು ಇಳಿದು ಗೇಟು ತೆಗೀಬೇಕು, ಕಲ್ಸಿಕೊಡು ಅಂದ್ಳು. ಅವನು ಊರಲ್ಲಿಲ್ಲದ ನಾಲ್ಕು ದಿನ. ಗುಟ್ಟು ಯಾರಿಗೂ ಗೊತ್ತಾಗ್ಬಾರ್ದು. ಚೆನ್ನಾಗಿ ಓಡಿಸಿದ್ಳು ಕಣೇ, ನಮಗಿಂತ ಚೆನ್ನಾಗಿ. ಮೂರನೇ ದಿನ ಕಲ್ಲಿನ ಮೆಟ್ಟಲ ಹತ್ರ ಚಕ್ರ ಸುತ್ತೋಕೆ ಶುರುವಾಯ್ತು. ಒತ್ತು ನೋರೀನ್, ಒತ್ತು ಅಂದೆ. ಕಾಲು ತೆಗಿ ಅಂತ ಮೊದ್ಲು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಮುರೀತು."

"ಟಣ್ ಅಂತು. ಅವಳು ಅಳೋಕೆ ಕೂತ್ಳು, ಅವನು ಇಷ್ಟಪಟ್ಟು ಹಾಕ್ಸಿದ್ದು ಅಂತ. ಹೊಸದು ಬರೋಕೆ ಆರು ವಾರ. ನನ್ನ ಶೆಡ್ಡಲ್ಲಿ ಹಳೇದಿತ್ತು, ಅದೇ ಅಳತೆ. ಒಂದು ಮಧ್ಯಾಹ್ನದಲ್ಲಿ ಬದಲಾಯ್ಸಿದೆ. ಸರಿಹೋಯ್ತು ಅಂದೆ ಅವಳಿಗೆ. ಬೇರೆ ಜಾತೀದು ಅಂತ ಹೇಳ್ಲಿಲ್ಲ. ಹೇಳಿದ್ರೆ ಅವತ್ತು ರಾತ್ರೀನೇ ಗಂಡನಿಗೆ ಹೇಳ್ಬಿಡ್ತಿದ್ಳು, ಅವಳ ಗುಟ್ಟು ಹಾಳಾಗ್ತಿತ್ತು."

"ಕ್ಲೈವ್‌ಗೆ ಹೇಗೆ ಗೊತ್ತಾಗ್ಲಿಲ್ಲ?"

"ಸ್ವಿಚ್ ಒತ್ತಿದ್ರೆ ದೀಪ ಹತ್ತತ್ತೆ, ಪಂಪ್ ಗುಂಯ್ ಅನ್ನತ್ತೆ. ಗಾಳಿ ಎಲ್ಲಿಗೂ ಹೋಗಲ್ಲ ಅಷ್ಟೆ. ಟಿಕ್ ಟಿಕ್ ಅವನಿಗೆ ಕೇಳ್ಸಲ್ಲ. ಇನ್ನೆರಡು ವಾರಕ್ಕೆ ಚಳಿಗಾಲ ಅಂತ ಬೆಟ್ಟಕ್ಕೆ ಗೇಟು ಹಾಕ್ತಾರೆ, ಅಷ್ಟ್ರಲ್ಲಿ ಅವನು ಎಲ್ಲಿಗೂ ಹೋಗಲ್ಲ, ವಸಂತಕ್ಕೆ ಮುಂಚೆ ಹೊಸದು ಹಾಕಿಡ್ತೀನಿ ಅಂದ್ಕೊಂಡೆ. ಕೊನೇ ಪ್ರವಾಸಕ್ಕೆ ಬರಲ್ಲ ಅಂದೋನು ಬೆಳಿಗ್ಗೆ ಬಂದು ನಿಂತ್ಬಿಟ್ಟ. ಕಲ್ಲು ದಾರೀಲೇ ಕರ್ಕೊಂಡು ಹೋದೆ. ವಾಪಸ್ ಬರುವಾಗ ಮಳೆ. ದಾರಿಗೆ ಮರ ಬಿದ್ದಿತ್ತು. ಉಳಿದದ್ದು ಆ ಅಡ್ಡ ಇಳಿಜಾರು ಒಂದೇ."

"ಆಗ್ಲಾದ್ರೂ ಹೇಳ್ಬೋದಿತ್ತಲ್ಲ!"

"ರೇಡಿಯೋದಲ್ಲಿ ಹೇಳಿದ್ರೆ ಏಳು ಗಾಡಿ ಕೇಳತ್ತೆ. ನಾನು ದಾಟಿ, ನಡ್ಕೊಂಡು ವಾಪಸ್ ಹೋಗಿ ಕಿವೀಲಿ ಹೇಳ್ತೀನಿ, ಅವನ ಗಾಡಿ ನಾನೇ ತರ್ತೀನಿ ಅಂದ್ಕೊಂಡೆ. ದಾಟಿ, ಇಳಿಯೋಕೆ ಗಾಡಿ ಬಾಗಿಲು ತೆಗ್ದೆ. ಅಷ್ಟ್ರಲ್ಲಿ ಅವನ ಧ್ವನಿ. 'ಲಾಕರ್ ಆಫ್, ದಾಟ್ತಾ ಇದೀನಿ.' ಮೈಕ್ ಕಿತ್ಕೊಂಡು ಒತ್ತಿದೆ, ನಿಲ್ಲೋ ಅಂತ ಕಿರುಚಿದೆ. ಅವನು ತನ್ನ ಮೈಕ್ ಇನ್ನೂ ಒತ್ಕೊಂಡೇ ಇದ್ದ. ಇಬ್ರೂ ಒಟ್ಟಿಗೆ ಒತ್ತಿದ್ರೆ ಯಾರ ಮಾತೂ ಯಾರಿಗೂ ಕೇಳಲ್ಲ." ಅವನು ಟವಲನ್ನು ಮುದುರಿ ಹಿಡಿದ. "ಗಾಡಿ ಹಿಂಭಾಗ ತಿರುಗಿದ್ದನ್ನ ನೋಡ್ದೆ ಗ್ವೆನ್. ಅವನು ಗಾಬರಿನೇ ಆಗಿರ್ಲಿಲ್ಲ. ದೀಪ ಆರಿತ್ತಲ್ಲ."

ಕೊನೆಯ ಗಾಡಿಯವನ ಹೇಳಿಕೆ ಗ್ವೆಂಡಾಗೆ ನೆನಪಾಯಿತು: ಕ್ಲೈವನ ಮಾತಿನ ಹಿಂದೆಯೇ ರೇಡಿಯೋ ಗರಗರ ಎಂದು ಕಿವಿ ಕೊರೆಯಿತಂತೆ. ಅದೇನೆಂದು ಯಾರಿಗೂ ತಿಳಿದಿರಲಿಲ್ಲ. ರಾಯ್ಸ್ ಸುಳ್ಳು ಹೇಳುತ್ತಿಲ್ಲ. ಅವಳಿಗೆ ಅವನನ್ನು ಬೈಯಲೂ ಆಗಲಿಲ್ಲ, ಅವನ ಭುಜ ಮುಟ್ಟಲೂ ಆಗಲಿಲ್ಲ.

"ನೋರೀನ್‌ಗೆ ಎಷ್ಟು ಗೊತ್ತು?"

"ಏನೂ ಗೊತ್ತಿಲ್ಲ. ಅವಳು ಮುರಿದದ್ದು ಸರಿಹೋಗಿತ್ತು ಅಂತಾನೇ ಅಂದ್ಕೊಂಡಿದಾಳೆ." ರಾಯ್ಸ್ ಮೇಜಿನ ಮೇಲೆ ಬಗ್ಗಿದ. "ಬರ್ಕೋ. ಗಾಡಿ ನಾನು ತಗೊಂಡೆ, ನಾನು ಮುರಿದೆ, ನಾನು ಬದಲಾಯ್ಸಿದೆ. ಜೈಲಿಗೆ ಹಾಕು, ಹೋಗ್ತೀನಿ. ಒಂದು ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ನಿಜ ತಾನೇ? ಬ್ರಾಂಕೊನೂ ಉಳೀತಾನೆ, ಅವಳೂ ಉಳೀತಾಳೆ."

"ಬ್ರಾಂಕೊ!" ಗ್ವೆಂಡಾಳ ಧ್ವನಿ ತಾನಾಗಿಯೇ ಏರಿತು. "ಹನ್ನೊಂದು ದಿನ ಅವರು ಒಳಗೊಳಗೇ ಸಾಯ್ತಿದ್ದಾಗ ಎಲ್ಲಿದ್ದೆ ನೀನು? ನಂಗೆ ಮರೆವು, ನಾನೇ ಕೊಂದಿರ್ಬೇಕು ಅಂತ ಸಹಿ ಹಾಕೋಕೆ ಕೂತಿದಾರೆ ಆಚೆ, ಇಸ್ತ್ರಿ ಅಂಗಿ ಹಾಕ್ಕೊಂಡು. ಕಂಡಿದ್ಯಾ ಅದನ್ನ?"

ರಾಯ್ಸ್ ಓರೆ ಬಾಗಿಲಿನ ಕಡೆ ನೋಡಿದ. ಒಬ್ಬ ಹೆಂಗಸನ್ನು ಕಾಪಾಡಲು ಹೋಗಿ ಒಬ್ಬ ಮುದುಕನನ್ನು ಬಲಿಕೊಟ್ಟಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ದೊಗಲೆಯಾದ ಅಂಗಿಯೇ ಅದನ್ನು ಹೇಳುತ್ತಿತ್ತು.

ಗ್ವೆಂಡಾ ಎರಡು ಖಾಲಿ ಹಾಳೆ ತೆಗೆದಳು. ಒಂದರಲ್ಲಿ ರಾಯ್ಸ್ ಕೇಳಿದಂತೆ ಬರೆದರೆ ಅವಳ ನೌಕರಿಯ ಮೊದಲ ಸುಳ್ಳು. ಇನ್ನೊಂದರಲ್ಲಿ ನಿಜ ಬರೆದರೆ, ಗಂಡನಿಗೆ ಸಂತೋಷ ಕೊಡಲು ಹೊರಟ ನಾಲ್ಕು ದಿನವನ್ನು ನೋರೀನ್ ಸಾಯುವತನಕ ಶಪಿಸಿಕೊಳ್ಳುತ್ತ ಕೂರಬೇಕು. ಜೇಬಿನಿಂದ ಬ್ರಾಂಕೊನ ಪೆನ್ನು ತೆಗೆದಳು. ಗೋಡೆ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಮೊದಲ ಹಾಳೆಯ ಮೇಲೆ ರಾಯ್ಸ್‌ನ ಹೆಸರು ಬರೆದು, ಅಲ್ಲಿಗೆ ನಿಲ್ಲಿಸಿದಳು.

ಅಷ್ಟರಲ್ಲಿ ಮುಂಬಾಗಿಲಿನ ಗಂಟೆ ಕಿಣಿಗುಟ್ಟಿತು.

"ಇಲ್ಲಿದೀಯಾ ಬ್ರಾಂಕೊ! ಆಂಕಾ ಹೇಳಿದ್ಳು, ಏನೋ ಕಾಗದಕ್ಕೆ ಸಹಿ ಹಾಕೋಕೆ ಹೋಗಿದಾನೆ ಅಂತ." ನೋರೀನಳ ಧ್ವನಿ. "ಹಾಕ್ಬೇಡ. ಮೊದ್ಲು ಈ ಕೇಕ್ ತಿನ್ನು. ನೋಡಿಲ್ಲಿ, ನಂಗೆ ನಿನ್ನ ಮೇಲೆ ಒಂಚೂರೂ ಸಿಟ್ಟಿಲ್ಲ. ಅದನ್ನ ಹೇಳೋಕೇ ಬಂದೆ. ಕ್ಲೈವ್ ಇದ್ದಿದ್ರೂ ಇದನ್ನೇ ಹೇಳ್ತಿದ್ರು."

ಮುದುಕ ಬಿಕ್ಕಿದ್ದು ಓರೆ ಬಾಗಿಲಿನಿಂದ ಕೇಳಿಸಿತು. ರಾಯ್ಸ್ ಕಣ್ಣು ಮುಚ್ಚಿಕೊಂಡ.

"ಇದೇನಾ ಅದು?" ನೋರೀನ್ ಕೇಳುತ್ತಿದ್ದಳು.

"ಇದೇ. ನಾನು ಹಾಕಿದ್ದಲ್ವಂತೆ, ಪೊಲೀಸಮ್ಮ ಕಂಡುಹಿಡಿದಿದಾಳೆ. ಪೇಸ್ಟ್ ಹಾಕಿದಾರೆ ನೋಡು, ಸೋಮಾರಿ ನನ್ಮಕ್ಳು." ಬ್ರಾಂಕೊ ಮೂಗು ಒರೆಸಿಕೊಂಡು ಹುರುಪಿಗೆ ಬಂದಿದ್ದ. ಐವತ್ತು ವರ್ಷ ಗಿರಾಕಿಗಳಿಗೆ ವಿವರಿಸಿದ ಅಭ್ಯಾಸ. "ಇದು ತಾನೇ ಬಿಗಿಯೋ ಜಾತಿ. ಈ ಕಡೆ ಹಿಡ್ಕೊಂಡು ಆ ಕಡೆ ತಿರುಗಿಸ್ಬೇಕು, ಹೀಗೆ."

ಗ್ವೆಂಡಾ ಎದ್ದಳು, ಕುರ್ಚಿ ಹಿಂದಕ್ಕೆ ಬಿತ್ತು. ತಡವಾಗಿತ್ತು.

ಟಿಕ್. ಟಿಕ್. ಟಿಕ್.

ಮುಂಗೋಣೆಯಲ್ಲಿ ಕೇಕಿನ ತಟ್ಟೆ ಕೌಂಟರಿನ ಮೇಲೆ ಕೂತ ಸದ್ದಾಯಿತು.

"ಇನ್ನೊಂದ್ಸಲ ತಿರುಗ್ಸು," ಎಂದಳು ನೋರೀನ್.

ಟಿಕ್. ಟಿಕ್.

ಗ್ವೆಂಡಾ ಬಾಗಿಲು ತೆಗೆದಳು. ನೋರೀನ್ ಕೌಂಟರಿಗೆ ಎರಡೂ ಕೈ ಊರಿ ಆ ಕಬ್ಬಿಣವನ್ನೇ ನೋಡುತ್ತ ನಿಂತಿದ್ದಳು. ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದಳು. ಹಾಕಿಕೊಡಲು ಮನೆಯಲ್ಲಿ ಈಗ ಯಾರೂ ಇರಲಿಲ್ಲ.

"ನಮ್ಮವರಿಗೆ ಈ ಸದ್ದು ಕೇಳಿಸ್ತಿರ್ಲಿಲ್ಲ ಗ್ವೆನ್," ಎಂದಳು ತಲೆಯೆತ್ತದೆ. "ನಂಗೆ ಕೇಳಿಸ್ತಿತ್ತು. ಬೇಕರಿ ತಿರುವಲ್ಲಿ. ನಮ್ಮನೆ ಗೇಟಲ್ಲಿ. ಹದಿನೈದು ದಿನ ಪಕ್ಕದಲ್ಲಿ ಕೂತು ಕೇಳಿದೀನಿ. ಏನೋ ಸದ್ದು ಬರ್ತಿದೆಯಲ್ಲ ಅಂದ್ರೆ, ಯಾಕೆ, ಏನು ಮಾಡ್ದೆ ನನ್ನ ಗಾಡಿಗೆ ಅಂತ ಕೇಳ್ತಾರಲ್ಲ, ನನ್ನ ಗುಟ್ಟು ಹೋಗತ್ತಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

ಆಗ ತಲೆಯೆತ್ತಿದಳು. ಗ್ವೆಂಡಾಳನ್ನು ದಾಟಿ ಅವಳ ನೋಟ ಅಡುಗೆಮನೆಯ ಹೊಸಿಲಿಗೆ ಹೋಯಿತು. ಅಲ್ಲಿ ರಾಯ್ಸ್ ನಿಂತಿದ್ದ, ಕೈಯಲ್ಲಿ ತೊಂಬತ್ನಾಲ್ಕರ ಟವಲ್ ಹಿಡಿದು.

"ಸರಿಹೋಯ್ತು ಅಂದಿದ್ಯಲ್ಲ ರಾಯ್ಸ್," ಎಂದಳು ನೋರೀನ್. "ಏನು ಹಾಕಿದ್ದೆ ನಮ್ಮ ಗಾಡಿಗೆ?"